ದಾಟುವಷ್ಟು ಹೊತ್ತು

ಬಿಕರ್ನಕಟ್ಟೆಯಲ್ಲಿ ಬಸ್ಸು ಹತ್ತಿದಾಗಿನಿಂದ ತಾರಾನಾಥ ಚಿಲ್ಲರೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಇದ್ದ. ಕಂಡಕ್ಟರ್ ಡೆನಿಸ್ ಮುಂದಿನವರಿಗೆ ಟಿಕೆಟ್ ಹರಿದ, ಪಕ್ಕದವನಿಗೆ ಹರಿದ, ತಾರಾನಾಥನ ಮುಖ ನೋಡಿ ತಲೆಯನ್ನು ಸ್ವಲ್ಪ ಓರೆ ಮಾಡಿ, ನಮಸ್ಕಾರವೂ ಅಲ್ಲದ ನಗುವೂ ಅಲ್ಲದ ಏನೋ ಒಂದನ್ನು ಮಾಡಿ ಹಿಂದಕ್ಕೆ ಹೋದ. ಬಸ್ಸು ನಿತ್ಯಾನಂದ ಶೆಟ್ಟರದು. ಅವರು ತಾರಾನಾಥನ ತಾಯಿಯ ತಮ್ಮ. ಮಾವನ ಬಸ್ಸಿನಲ್ಲಿ ಅಳಿಯನಿಗೆ ಟಿಕೆಟ್ ಇಲ್ಲ ಎಂದು ಯಾರೂ ಬಾಯಿಬಿಟ್ಟು ಹೇಳಿದ್ದಲ್ಲ. ಒಮ್ಮೆ ಅವನು ಒತ್ತಾಯದಿಂದ ಕೊಡಲು ಹೋದಾಗ ಡೆನಿಸ್, "ಎಂತ ಮಾರಾಯ್ರೆ, ನನ್ನ ಕೆಲಸ ತೆಗಿಸ್ತೀರಾ ಎಂತ" ಎಂದು ಇಡೀ ಬಸ್ಸಿಗೆ ಕೇಳುವಂತೆ ಹೇಳಿ ಎಲ್ಲರನ್ನೂ ನಗಿಸಿದ್ದ. ಆದರೂ ದಿನವೂ ಚಿಲ್ಲರೆ ತೆಗೆಯುವುದು, ಅದು ಮುಷ್ಟಿಯಲ್ಲಿ ಬೆವರುವುದು, ಇಳಿಯುವಾಗ ಮತ್ತೆ ಕಿಸೆಗೆ ಬೀಳುವುದು ತಪ್ಪಿರಲಿಲ್ಲ. ಉಪಕಾರ ಎಂದರೆ ಹೀಗೇ ಇರಬೇಕು ಎಂದುಕೊಂಡ. ಕೊಡಲೆಂದು ತೆಗೆದದ್ದು ನಮ್ಮ ಕೈಯಲ್ಲೇ ಬೆಚ್ಚಗಾಗಿ ಉಳಿಯುವುದು. ನಂತೂರಿನ ಏರಿನಲ್ಲಿ ಡ್ರೈವರ್ ಮೂಸಬ್ಬ ಗೇರು ಬದಲಾಯಿಸಿದಾಗ ಬಸ್ಸು ಒಮ್ಮೆ ನರಳಿತು. 

ಇವತ್ತು ಅವನು ಮಾಡಬೇಕಾದದ್ದು ಬಹಳ ಸಣ್ಣ ಕೆಲಸ. ಫಳ್ನೀರಿನ ಆಸ್ಪತ್ರೆಯ ಎದುರಿನ ಸಿಗ್ನಲ್ ಪೆಟ್ಟಿಗೆಯ ಬಾಗಿಲು ತೆಗೆದು, ಒಳಗಿನ ಒಂದು ತಿರುಗಣೆಯನ್ನು ಸ್ವಲ್ಪ ಎಡಕ್ಕೆ ತಿರುಗಿಸಬೇಕು, ಅಷ್ಟೆ. ನಿನ್ನೆ ಸಂಜೆ ಮಾವ ಮನೆಗೆ ಬಂದು ಜಗಲಿಯಲ್ಲಿ ಕೂತು, ಅಮ್ಮ ಕೊಟ್ಟ ಕಾಫಿಯನ್ನು ಆರಿಸಿ ಕುಡಿಯುತ್ತ ಅದನ್ನು ಹೇಳಿದ್ದರು. ಅಮ್ಮ ಲೋಟ ಕೊಟ್ಟು ಗೋಡೆ ಹಿಡಿದುಕೊಂಡು ಒಳಗೆ ಹೋಗುವವರೆಗೆ ಕಾದು, ಆಮೇಲೆ ಹೇಳಿದ್ದರು. "ನಾಳೆ ಟ್ರಾಫಿಕ್ ಇನ್‌ಸ್ಪೆಕ್ಟರ್ ಬರ್ತಾರೆ. ನಾನೂ ನನ್ನ ಬಸ್ಸಿನಲ್ಲೇ ಕೂತು ಬರ್ತೇನೆ. ಆ ಕೆಂಪು ದೀಪ ಅಷ್ಟು ಹೊತ್ತು ಬೇಡ ತಾರಾನಾಥ. ಓನರ್‌ಗಳೆಲ್ಲ ಅರ್ಜಿ ಕೊಟ್ಟಾಗಿದೆ, ಮೊದಲ ಸಹಿ ನನ್ನದೇ. ನಿನ್ನ ದೀಪದಲ್ಲಿ ಕಳೆದ ಟೈಮನ್ನು ನನ್ನ ಡ್ರೈವರ್ ಹಂಪನಕಟ್ಟೆಗೆ ಮುಟ್ಟುವ ಮೊದಲು ಓಡಿಸಿ ಹಿಡೀಬೇಕು. ಇಲ್ಲದಿದ್ರೆ ಹಿಂದಿನ ಬಸ್ಸಿನವ ಇವನ ಜನವನ್ನು ಹತ್ತಿಸಿಕೊಳ್ತಾನೆ. ಹಾಗೆ ಓಡಿಸುವಾಗ ಯಾರಾದ್ರೂ ಅಡಿಗೆ ಬಿದ್ರೆ, ಅದು ಯಾರ ಲೆಕ್ಕಕ್ಕೆ?" ಮಾವನ ಮಾತಿನಲ್ಲಿ ಯಾವತ್ತೂ ನ್ಯಾಯ ಇರುತ್ತಿತ್ತು. ಅದೇ ಕಷ್ಟ. ತಾರಾನಾಥ ತಲೆಯಾಡಿಸಿದ್ದ. ಡಿಕ್ಲರೇಶನ್‌ನಲ್ಲಿ ಗದ್ದೆಯೆಲ್ಲ ಭೂಸುಧಾರಣೆಯ ಕಾನೂನಿನಿಂದ ಒಕ್ಕಲಿನವರ ಪಾಲಾದ ವರ್ಷ ಅಮ್ಮನನ್ನೂ ಅವನನ್ನೂ ಪೇಟೆಗೆ ಕರೆತಂದು ಮನೆ ಮಾಡಿಕೊಟ್ಟವರು, ಸುರತ್ಕಲ್ಲಿಗೆ ಇಂಜಿನಿಯರಿಂಗ್ ಓದಲು ಕಳಿಸಿದವರು, ಕೊಡಿಯಾಲ್‌ಬೈಲಿನ ಸಿಗ್ನಲ್ ಕೂರಿಸುವ ಕಂಪೆನಿಯಲ್ಲಿ ಅವನ ಕೆಲಸಕ್ಕಾಗಿ ಒಂದು ಮಾತು ಹೇಳಿದವರು ಅವರೇ. ಆ ಮುಖದ ಎದುರು ತಲೆಯನ್ನು ಅಡ್ಡಡ್ಡ ಆಡಿಸಲು ಕುತ್ತಿಗೆಗೆ ಗೊತ್ತೇ ಇರಲಿಲ್ಲ. ಹೋಗುವಾಗ ಮಾವ ಮೆಟ್ಟಿಲ ಮೇಲೆ ನಿಂತು ತಮಾಷೆ ಮಾಡಿದ್ದರು: "ನಿನ್ನ ಪೆಟ್ಟಿಗೆಗೆ ಬುದ್ಧಿ ಉಂಟಂತಲ್ಲ. ನನ್ನ ಡ್ರೈವರ್‌ಗಳಿಗೆ ಇಲ್ಲ. ಬುದ್ಧಿ ಇದ್ದವರು ಅಲ್ವಾ ಸ್ವಲ್ಪ ತಗ್ಗಬೇಕಾದ್ದು?"

ಪೆಟ್ಟಿಗೆಗೆ ಬುದ್ಧಿ ಇತ್ತು, ಒಂದು ಬಗೆಯ ಬುದ್ಧಿ. ರಸ್ತೆಗೆ ಅಡ್ಡಲಾಗಿ ಹಾಕಿದ ರಬ್ಬರಿನ ನಳಿಗೆಯ ಮೇಲೆ ಚಕ್ರ ಹತ್ತಿದರೆ ಅದರೊಳಗಿನ ಗಾಳಿ ಓಡಿಬಂದು ಪೆಟ್ಟಿಗೆಗೆ ವಾಹನ ಬಂತೆಂದು ಹೇಳುತ್ತಿತ್ತು. ಕಂಬದ ಗುಂಡಿಯನ್ನು ಯಾರಾದರೂ ಒತ್ತಿದರೆ ದಾಟುವವರು ಕಾಯುತ್ತಿದ್ದಾರೆಂದು ಅದು ನೆನಪಿಟ್ಟುಕೊಳ್ಳುತ್ತಿತ್ತು. ವಾಹನಗಳ ನಡುವೆ ಒಂದು ಬಿಡುವು ಸಿಕ್ಕಿದ ಕೂಡಲೇ ಒಳಗೆ ಟಕ್ ಎಂದು ಸದ್ದಾಗಿ ಕೆಂಪು ದೀಪ ಹೊತ್ತಿಕೊಳ್ಳುತ್ತಿತ್ತು. ಎಷ್ಟು ಹೊತ್ತು ಕೆಂಪು ಎಂಬುದು ಮಾತ್ರ ಪೆಟ್ಟಿಗೆಯ ಬುದ್ಧಿಗೆ ಬಿಟ್ಟದ್ದಲ್ಲ, ಆ ತಿರುಗಣೆಗೆ ಬಿಟ್ಟದ್ದು. ಆ ತಿರುಗಣೆಯ ಮುಳ್ಳು ನಿಲ್ಲುವಲ್ಲಿ ಒಂದು ಕೆಂಪು ಚುಕ್ಕೆ ಇತ್ತು. ಅದೇನೆಂದು ತಾರಾನಾಥನಿಗೂ ಅವನ ಹೆಂಡತಿ ಆಶಾಲತಾಳಿಗೂ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ.

ಸಿಗ್ನಲ್ ಬರುವ ಮೊದಲು ಅದೇ ಜಾಗದಲ್ಲಿ ಒಬ್ಬ ಮುದುಕ ಬಸ್ಸಿನಡಿಗೆ ಬಿದ್ದಿದ್ದ. ತಾರಾನಾಥ ಅಲ್ಲಿಗೆ ತಲುಪುವಾಗ ಮನುಷ್ಯನನ್ನು ಎತ್ತಿಕೊಂಡು ಹೋಗಿಯಾಗಿತ್ತು. ಎದುರಿನ ಕ್ಲಿನಿಕ್ಕಿನಲ್ಲಿ ತೆಗೆಸಿದ ಎಕ್ಸ್‌ರೇ ಹಾಳೆಯೊಂದು ಕವರಿನಿಂದ ಜಾರಿ ರಸ್ತೆಯ ಮೇಲೆ ಬಿದ್ದಿತ್ತು. ಬಿಸಿಲಿಗೆ ಅದರಲ್ಲಿ ಪಕ್ಕೆಲುಬುಗಳು ಬೆಳ್ಳಗೆ, ಶಾಂತವಾಗಿ, ಏನೂ ಆಗದವರ ಪಕ್ಕೆಲುಬುಗಳಂತೆ ಕಾಣುತ್ತಿದ್ದವು. ಆಟೋಗಳು ಅದನ್ನು ತಪ್ಪಿಸಿಕೊಂಡು ಹೋಗುತ್ತಿದ್ದವು. ಅವನು ಅದನ್ನು ಎತ್ತಿಕೊಳ್ಳಲಿಲ್ಲ. ಎತ್ತಿಕೊಂಡರೆ ಯಾರಿಗಾದರೂ ಕೊಡಬೇಕಾಗುತ್ತದಲ್ಲ ಎಂದು ಹೆದರಿದ. ಸಿಗ್ನಲ್ ಬಂದ ಮೇಲೆ ಅಲ್ಲಿ ಯಾರೂ ಬಿದ್ದಿರಲಿಲ್ಲ. ಆದರೆ ಆಗದೇ ಹೋದದ್ದಕ್ಕೆ ಮುಖ ಇರುವುದಿಲ್ಲ. ಬದುಕಿದವನಿಗೆ ತಾನು ಬದುಕಿದೆನೆಂದು ತಿಳಿದಿರುವುದಿಲ್ಲ. ಅವನು ದಾಟಿ, ಔಷಧಿ ಚೀಟಿಯನ್ನು ಬಗ್ಗಿ ನೋಡುತ್ತ ಹೋಗಿಬಿಡುತ್ತಾನೆ. ಕೆಲವು ಸಂಜೆ ತಾರಾನಾಥ ಪೆಟ್ಟಿಗೆಯ ಬಳಿ ಸುಮ್ಮನೆ ನಿಂತು ದಾಟುವವರನ್ನು ನೋಡುತ್ತಿದ್ದ. ಯಾರಿಗೆಂದು ಗೊತ್ತಿಲ್ಲದ ಒಂದು ಕೃತಜ್ಞತೆ ಹುಟ್ಟುತ್ತಿತ್ತು. ಅದನ್ನು ಇಟ್ಟುಕೊಂಡೇ ಮನೆಗೆ ಹೋಗುತ್ತಿದ್ದ.

ಬೆಳಿಗ್ಗೆ ಹೊರಡುವಾಗ ಅಮ್ಮ ಚಾವಡಿಯಲ್ಲಿ ಕಾಲು ನೀಡಿ ಕೂತಿದ್ದಳು. ಇವತ್ತು ಅವಳ ಮೊಣಕಾಲನ್ನು ಫಳ್ನೀರಿನ ಡಾಕ್ಟರಿಗೆ ತೋರಿಸಬೇಕಾಗಿತ್ತು. ಆಶಾಲತಾ ಕರೆದುಕೊಂಡು ಹೋಗುವುದೆಂದು ಗೊತ್ತುಮಾಡಿಯಾಗಿತ್ತು. ಗೊತ್ತುಮಾಡಿದವನು ತಾರಾನಾಥನೇ. ಡಾಕ್ಟರು ಬೇಗ ನೋಡುತ್ತಾರೆ, ಇನ್‌ಸ್ಪೆಕ್ಟರ್ ಬರುವ ಮೊದಲೇ ಅವಳು ತೋರಿಸಿ, ದಾಟಿ, ಮನೆಗೆ ಹೊರಟಿರುತ್ತಾಳೆ ಎಂದು ಅವನು ಮನಸ್ಸಿನಲ್ಲೇ ಲೆಕ್ಕ ಹಾಕಿದ್ದ. ಆ ಲೆಕ್ಕದ ಬಗ್ಗೆ ಅವನಿಗೆ ನಾಚಿಕೆಯೂ ಆಗಿತ್ತು.

"ಅತ್ತೆಗೆ ಹೇಳ್ಲಿಲ್ಲ ಅಲ್ವಾ ನೀವು?" ಆಶಾಲತಾ ತಿಂಡಿಯ ತಟ್ಟೆ ಇಡುತ್ತ ಮೆಲ್ಲಗೆ ಕೇಳಿದಳು.

"ಎಂತ ಹೇಳುದು?"

"ಅವರ ಚುಕ್ಕೆ ಇವತ್ತು ತೆಗಿತೀರಿ ಅಂತ."

"ಚುಕ್ಕೆ ತೆಗಿಯುದಿಲ್ಲ. ಮುಳ್ಳು ಸ್ವಲ್ಪ ಈಚೆ ಬರ್ತದೆ, ಅಷ್ಟೆ."

"ಮಾವನಿಗಾದ್ರೂ ಹೇಳ್ಬಹುದಿತ್ತು."

ಅವನು ದೋಸೆ ಮುರಿದ. ಹೇಳಬಹುದಿತ್ತು. ಆದರೆ ಹೇಗೆ ಹೇಳುವುದು? ಇಂಜಿನಿಯರ್ ಆದವನು ಊರಿನ ಸಿಗ್ನಲ್ಲನ್ನು ತನ್ನ ಅಮ್ಮನ ಕಾಲಿಗೆ ಕಟ್ಟಿದ್ದೇನೆ ಎನ್ನುವುದು ಹೇಗೆ?

ಅದು ನಡೆದದ್ದು ಒಂದು ಭಾನುವಾರ. ಕಂಪೆನಿ ಕೊಟ್ಟ ಕಾಗದದಲ್ಲಿ ಮನುಷ್ಯ ಎಷ್ಟು ವೇಗದಲ್ಲಿ ರಸ್ತೆ ದಾಟುತ್ತಾನೆಂದು ಬರೆದಿತ್ತು. ಅವನಿಗೆ ಆ ಮನುಷ್ಯನ ಪರಿಚಯ ಇರಲಿಲ್ಲ. ಫಳ್ನೀರಿನಲ್ಲಿ ದಾಟುವವರು ಬೇರೆಯೇ ಜನ: ಹೊಲಿಗೆ ಹಾಕಿದ ಹೊಟ್ಟೆ ಹಿಡಿದುಕೊಂಡವರು, ಬಾಣಂತಿಯರು, ಫ್ಲಾಸ್ಕ್ ಹಿಡಿದ ಮುದುಕಿಯರು. ಒಬ್ಬರನ್ನು ನಡೆಸಿ ನೋಡಿ ತಿರುಗಣೆ ಇಡುವುದು ಎಂದುಕೊಂಡು, ಯಾಕೆಂದು ಬಿಡಿಸಿ ಹೇಳದೆ ಅಮ್ಮ ಕುಶಲಾಳನ್ನು ಕರೆದ. ಕುಶಲಾ ಒಪ್ಪಿದಳು. ಒಪ್ಪಿ, ಕೋಣೆಗೆ ಹೋಗಿ, ಇಸ್ತ್ರಿ ಹಾಕಿದ ಸೀರೆ ಉಟ್ಟು, ಕುತ್ತಿಗೆಗೆ ಚಿನ್ನದ ಸರ ಹಾಕಿಕೊಂಡು ಬಂದಳು. "ರಸ್ತೆ ದಾಟ್ಲಿಕ್ಕೆ ಚಿನ್ನ ಎಂತಕ್ಕೆ ಅಮ್ಮ?" ಎಂದರೆ, "ನಡು ರಸ್ತೆಯಲ್ಲಿ ಹತ್ತು ಜನ ನೋಡುದಿಲ್ವಾ?" ಎಂದಳು. ಅಲ್ಲಿ ಅವಳು ನಡೆದದ್ದು ರಸ್ತೆ ದಾಟುವವರ ಹಾಗಲ್ಲ. ಕೈಬಿಟ್ಟು ಹೋದ ಗುತ್ತಿನ ದೊಡ್ಡ ಮನೆಯ ಅಂಗಳದಲ್ಲಿ, ಕೊಯ್ಲಿನ ದಿನ, ಒಕ್ಕಲಿನವರ ಎದುರು ನಡೆದ ಹಾಗೆ. ಒಂದೊಂದು ಹೆಜ್ಜೆಯನ್ನೂ ಇಟ್ಟಲ್ಲೇ ಒಮ್ಮೆ ಬಿಟ್ಟು ಆಮೇಲೆ ಇನ್ನೊಂದು. ಬಸ್ ಸ್ಟಾಪಿನಲ್ಲಿ ಬೀಡಿ ಸೇದುತ್ತಿದ್ದ ಕಂಡಕ್ಟರುಗಳು, "ದಿಬ್ಬಣ ಬಂತು ಮಾರಾಯ, ವಾಲಗದವರು ಎಲ್ಲಿ?" ಎಂದು ಕೂಗಿದರು. ಒಬ್ಬ ಬಾಯಿಯಲ್ಲೇ ವಾಲಗ ಊದಿದ. ತಾರಾನಾಥನ ಕಿವಿ ಉರಿಯಿತು. "ಅಮ್ಮ, ಸ್ವಲ್ಪ ಬೇಗ" ಎಂದ. "ಓಡ್ಲಿಕ್ಕೆ ನಾನೆಂತ ಕದ್ದಿದ್ದೇನಾ?" ಎಂದಳು, ಮುಖ ತಿರುಗಿಸದೆ. ಆಗ ಅವನು ತುಸು ಮುಂದೆ ಹೋದ, ಈ ಹೆಂಗಸಿಗೂ ತನಗೂ ಸಂಬಂಧ ಇಲ್ಲವೆಂಬಂತೆ. ಆಚೆ ಬದಿ ಮುಟ್ಟಿ ಬೆನ್ನು ಹಾಕಿ ನಿಂತ. ಅವಳು ಬಂದು ಪಕ್ಕದಲ್ಲಿ ನಿಂತಾಗ ಅವಳ ಉಸಿರು ಏರಿರಲಿಲ್ಲ. ಪೆಟ್ಟಿಗೆಯ ಬಳಿ ಇದ್ದ ಆಶಾಲತಾ, ಆಗಿನ್ನೂ ಹೊಸ ಮದುಮಗಳು, ಮುಳ್ಳು ನಿಂತ ಜಾಗದಲ್ಲಿ ಗುರುತು ಮಾಡಲು ಬೇರೇನೂ ಸಿಗದೆ ಬ್ಯಾಗಿನಿಂದ ಉಗುರಿಗೆ ಹಚ್ಚುವ ಕ್ಯೂಟೆಕ್ಸ್ ತೆಗೆದು ಒಂದು ಚುಕ್ಕೆ ಇಟ್ಟಳು. ಆ ದಿನದಿಂದ, ಗುಂಡಿ ಒತ್ತಿದವರು ಯಾರೇ ಇರಲಿ, ಮೀನಿನ ಲಾರಿ, ಆಟೋ, ಅಂಬಾಸಿಡರ್, ಮಾವನ ಬಸ್ಸು, ಮಾವನ ಎದುರಾಳಿಗಳ ಬಸ್ಸು ಎಲ್ಲವೂ ಕುಶಲಾ ದಾಟುವಷ್ಟು ಹೊತ್ತು ಕಾದವು. ಕಾಯುವವರಿಗೆ ಅದು ಗೊತ್ತಿರಲಿಲ್ಲ. ಅವನಿಗೆ ಗೊತ್ತಿತ್ತು. ಅವರಿಗೆಲ್ಲ ಒಂದು ದಿನ ಕೈಮುಗಿಯಬೇಕೆಂದು ಅನಿಸುತ್ತಿತ್ತು, ಅದರ ಜೊತೆಗೇ ಆ ಮುಂದೆ ಹೋದ ಹೆಜ್ಜೆಗಳು ನೆನಪಾಗುತ್ತಿದ್ದವು.

ಇನ್‌ಸ್ಪೆಕ್ಟರ್ ಪೆಟ್ಟಿಗೆಯ ಬಳಿ ಜೀಪಿನಿಂದ ಇಳಿದವರು ಟೊಪ್ಪಿ ತೆಗೆದು ಹಣೆ ಒರೆಸಿಕೊಂಡರು. ಘಟ್ಟದ ಮೇಲಿನವರು, ಇಲ್ಲಿಯ ಸೆಕೆ ಅವರಿಗೆ ಇನ್ನೂ ಒಗ್ಗಿರಲಿಲ್ಲ. "ಬೇಗ ಮುಗಿಸ್ರಿ ಇಂಜಿನಿಯರೇ. ಶೆಟ್ಟರ ಬಸ್ಸು ಬರಲಿ, ಒಂದೆರಡು ಸಲ ನೋಡಿಬಿಡೋಣ, ಸರಿ ಇದ್ರೆ ಹಾಗೇ ಬಿಡೋಣ" ಎಂದರು. ತಾರಾನಾಥ ಬೀಗ ತೆಗೆದ. ಒಳಗಿನ ಬೆಚ್ಚಗಿನ ಎಣ್ಣೆವಾಸನೆ ಮುಖಕ್ಕೆ ಬಡಿಯಿತು. ಚುಕ್ಕೆ ಸ್ವಲ್ಪ ಮಾಸಿತ್ತು. ಮುಳ್ಳಿನ ತುದಿ ಅದನ್ನು ಮುಟ್ಟಿಕೊಂಡೇ ಇತ್ತು. ತಿರುಗಿಸುವಾಗ ಬೆರಳಿಗೆ ಏನಾದರೂ ತಡೆ ಸಿಗಬಹುದೆಂದು ಅವನು ಯಾಕೋ ಕಾದಿದ್ದ. ಏನೂ ಸಿಗಲಿಲ್ಲ. ತಿರುಗಣೆ ಬೆಣ್ಣೆಯಲ್ಲಿ ಜಾರಿದ ಹಾಗೆ ಎಡಕ್ಕೆ ಬಂದು ನಿಂತಿತು. ಮಾವ ಹೇಳಿದಷ್ಟೇ, ಇನ್ನೂ ಒಂದು ಕೂದಲೆಳೆ ಹೆಚ್ಚೇ. ಉಪಕಾರ ಮಾಡಿದವರಿಗೆ ಕೊಡುವಾಗ ಕೈ ಅಳತೆ ಮೀರುತ್ತದೆ. ಹೀಗೆ ಹೆಚ್ಚು ತಿರುಗಿಸಿದ್ದನ್ನು ಅವನು ಗಮನಿಸಿದ, ಸರಿಪಡಿಸಲಿಲ್ಲ.

ಮೊದಲ ಸಲ ಗುಂಡಿ ಒತ್ತಿದ್ದು ಕಾಲೇಜಿನ ಹುಡುಗಿಯರು. ನಗುತ್ತ ಓಡಿ ದಾಟಿದರು. "ಸಾಕಲ್ಲ, ಧಾರಾಳ ಆಯ್ತಲ್ಲ" ಎಂದರು ಇನ್‌ಸ್ಪೆಕ್ಟರ್. ತಾರಾನಾಥ ಹೌದೆಂದ. ಅಷ್ಟರಲ್ಲಿ ಕಂಕನಾಡಿಯ ಕಡೆಯಿಂದ ಮಾವನ ಬಸ್ಸು ಬರುವುದು ಕಂಡಿತು. ಡ್ರೈವರನ ಎಡಕ್ಕೆ, ಬಾಗಿಲಿನ ಪಕ್ಕದ ಸೀಟಿನಲ್ಲಿ ಮಾವನ ಬಿಳಿ ಅಂಗಿ, ಬಿಳಿ ತಲೆ. ಬೆನ್ನಿಗೇ ಇನ್ನೊಂದು ಕಂಪೆನಿಯ ಬಸ್ಸು, ಹಾರ್ನ್ ಹಾಕಿಕೊಂಡೇ ಬರುತ್ತಿತ್ತು. ಪೆಟ್ಟಿಗೆಯೊಳಗೆ ಟಕ್ ಎಂದಿತು. ಯಾರೋ ಗುಂಡಿ ಒತ್ತಿದ್ದರು. ಕೆಂಪು ದೀಪ ಬಂತು, ಮೂಸಬ್ಬ ಬಸ್ಸನ್ನು ಗೆರೆಯ ಹಿಂದೆ ನಿಲ್ಲಿಸಿದ. ತಾರಾನಾಥ ದಾಟುವವರ ಕಡೆಗೆ ನೋಡಿದ.

ಕ್ಲಿನಿಕ್ಕಿನ ಬದಿಯಿಂದ ಇಳಿದು ಬರುತ್ತಿದ್ದವಳು ಅಮ್ಮ. ಒಬ್ಬಳೇ. ಕಂಕುಳಲ್ಲಿ ಎಕ್ಸ್‌ರೇಯ ಖಾಕಿ ಕವರು. ಡಾಕ್ಟರು ಎಕ್ಸ್‌ರೇ ಬೇಕೆಂದಿರಬೇಕು, ಎದುರಿಗೆ ಬಂದು ತೆಗೆಸಿಕೊಂಡಿರಬೇಕು. ಹಾಗಾಗಬಹುದೆಂದು ಅವನ ಲೆಕ್ಕದಲ್ಲಿ ಇರಲಿಲ್ಲ. ಅವಳ ನಡಿಗೆ ಆ ಭಾನುವಾರದ್ದಲ್ಲ. ಒಂದು ಕಾಲನ್ನು ಮುಂದಿಟ್ಟು ಇನ್ನೊಂದನ್ನು ಅದರ ಹತ್ತಿರಕ್ಕೆ ತಂದು, ಮತ್ತೆ ಅದೇ ಕಾಲು. ಆದರೆ ತಲೆ ಮಾತ್ರ ಅದೇ ತಲೆ, ನೆಟ್ಟಗೆ, ಎಡಕ್ಕೂ ಬಲಕ್ಕೂ ನೋಡದೆ. ಬಸ್ಸುಗಳು ನಿಲ್ಲುತ್ತವೆಂದು ಅವಳಿಗೆ ಗೊತ್ತಿತ್ತು, ದೀಪ ಮಗನದ್ದು. ಪೆಟ್ಟಿಗೆಯೊಳಗೆ, ತಾರಾನಾಥನ ಕೈಗೆ ತಾಗುವಷ್ಟು ಹತ್ತಿರದಲ್ಲಿ, ಒಂದು ಸ್ವಿಚ್ ಇತ್ತು. ಅದನ್ನು ಕೆಳಗೆ ಎಳೆದರೆ, ಕೈ ಬಿಡುವವರೆಗೂ ಕೆಂಪು ದೀಪ ಹಾಗೇ ಇರುತ್ತದೆ. ಅವನ ಕೈ ಅದರ ಮೇಲೇ ಇತ್ತು. ಎಳೆದರೆ ಇನ್‌ಸ್ಪೆಕ್ಟರ್ ಯಾಕೆಂದು ಕೇಳುತ್ತಾರೆ. ಅಮ್ಮನಿಗಾಗಿ ಎನ್ನಬೇಕು. ಬಸ್ಸಿನಲ್ಲಿ ಮಾವ ನೋಡುತ್ತಿದ್ದಾರೆ. ಒಪ್ಪಿಕೊಂಡು ಬಂದವನು ಅವರ ಕಣ್ಣೆದುರೇ ಮಾತು ತಪ್ಪಿದ ಹಾಗೆ. ಬಾಯಿಯಲ್ಲಿ ಊದಿದ ವಾಲಗ ಎಲ್ಲಿಂದಲೋ ಕೇಳಿಸಿತು. ಕೈ ಸ್ವಿಚ್ಚಿನ ಮೇಲೆ ಹಾಗೇ ಇತ್ತು, ತಣ್ಣಗೆ, ಬೇರೆ ಯಾರದೋ ಕೈಯ ಹಾಗೆ. ಅಮ್ಮ ನಡು ರಸ್ತೆಗೆ ಬಂದಾಗ ಒಳಗೆ ಮತ್ತೆ ಟಕ್ ಎಂದಿತು. ಹಸಿರು.

ಮೂಸಬ್ಬ ಬಸ್ಸು ಬಿಡಲಿಲ್ಲ. ಬಿಡದೆ ಇದ್ದದ್ದಷ್ಟೇ ಅಲ್ಲ, ಇಂಜಿನ್ ಬಂದ್ ಮಾಡಿದ. ಹಾಗೆ ಮಾಡಿದರೆ ಬಸ್ಸು ಹೊರಡುವ ಮಾತೇ ಇಲ್ಲವೆಂದು ಈ ಊರಿನ ರಸ್ತೆಯಲ್ಲಿ ಎಲ್ಲರಿಗೂ ಗೊತ್ತು. ಹಿಂದಿನ ಬಸ್ಸಿನವನಿಗೆ ಕಂಡದ್ದು ಹಸಿರು ದೀಪ ಮತ್ತು ಮುಂದಿನವನ ಬೆನ್ನು, ಅಷ್ಟೇ. ಟೈಮಿಂಗಿನಲ್ಲಿ ಶೆಟ್ಟರ ಬಸ್ಸನ್ನು ಹಿಂದೆ ಹಾಕುವ ಇಂಥ ಅವಕಾಶವನ್ನು ಯಾರೂ ಬಿಡುವುದಿಲ್ಲ. ಅವನು ಸ್ಟೀರಿಂಗ್ ಬಲಕ್ಕೆ ಎಳೆದ. ತಾರಾನಾಥನಿಗೆ ಆ ಬಸ್ಸಿನ ಮೂತಿ ಮಾವನ ಬಸ್ಸಿನ ಮರೆಯಿಂದ ಹೊರಗೆ ಬರುವುದು ಕಂಡಿತು. ತಲೆ ತಿರುಗಿಸದ ಅಮ್ಮನಿಗೆ ಅದು ಕಾಣುವುದಿಲ್ಲ ಎಂಬುದೂ ಕಂಡಿತು. ಆಗ ಕೈ ತನ್ನದಾಯಿತು, ಸ್ವಿಚ್ಚನ್ನು ಎಳೆದ. ಅಷ್ಟರೊಳಗೆ ಮುಂದಿನ ಬಾಗಿಲಿನಿಂದ ಬಿಳಿ ಅಂಗಿಯೊಂದು ಕೆಳಗೆ ಹಾರಿತ್ತು. ನಿತ್ಯಾನಂದ ಶೆಟ್ಟರು ಪಂಚೆಯನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು, ಇನ್ನೊಂದು ಕೈಯನ್ನು ಅಡ್ಡ ಚಾಚಿ, ತಮ್ಮ ಬಸ್ಸಿನ ಮೂತಿಯನ್ನು ಸುತ್ತಿ ಓಡಿ ಆ ಬಸ್ಸಿನ ಎದುರು ನಿಂತರು. ಬ್ರೇಕಿನ ಸದ್ದಿಗೆ ಆಸ್ಪತ್ರೆಯ ಮಾಡಿನ ಪಾರಿವಾಳಗಳು ಎದ್ದವು. ಬಸ್ಸು ಅವರ ಅಂಗೈಗೆ ತಾಗುವಷ್ಟರಲ್ಲಿ ನಿಂತಿತು.

ಆಮೇಲೆ ಒಂದು ನಿಶ್ಶಬ್ದ. ಆ ಡ್ರೈವರೂ ಹೆದರಿ ಇಂಜಿನ್ ಬಂದ್ ಮಾಡಿದ್ದ. ಆ ರಸ್ತೆಯಲ್ಲಿ ಹಗಲು ಹೊತ್ತು ಅಂಥ ನಿಶ್ಶಬ್ದವನ್ನು ತಾರಾನಾಥ ಕೇಳಿದ್ದಿಲ್ಲ. ಅಮ್ಮನ ಚಪ್ಪಲಿ ಡಾಂಬರಿಗೆ ಉಜ್ಜುವ ಸದ್ದು ಸ್ಪಷ್ಟವಾಗಿ ಕೇಳಿಸಿತು.

"ಅಕ್ಕ, ಸ್ವಲ್ಪ ಬೇಗ" ಎಂದರು ಮಾವ. 

"ಎಂತಕ್ಕೆ? ನಿನ್ನದೇ ಬಸ್ಸಲ್ವಾ?"

"ಹಿಂದಿನದ್ದು ನನ್ನದಲ್ಲ."

"ಅವನೂ ಕಾಯ್ಲಿ. ಓಡ್ಲಿಕ್ಕೆ ನಾನೆಂತ ಕದ್ದಿದ್ದೇನಾ?" ಎಂದಳು ಅಮ್ಮ. ಮತ್ತೆ, ತಮ್ಮನ ಮುಖ ನೋಡಿ, "ನೀನು ಈ ಬಿಸಿಲಲ್ಲಿ ಯಾಕೆ ಇಳಿದದ್ದು? ಬಿ.ಪಿ. ಉಂಟಲ್ಲ ನಿನಗೆ" ಎಂದಳು.

ಮಾವ ಅವಳ ಕಂಕುಳಿನ ಕವರನ್ನು ತೆಗೆದುಕೊಂಡು ಪಕ್ಕದಲ್ಲಿ ನಡೆದರು. ಅವಳ ಹೆಜ್ಜೆಗೆ ತಕ್ಕಂತೆ, ಒಂದು ಕಾಲಿಟ್ಟು, ನಿಂತು, ಇನ್ನೊಂದು. ಬಸ್ಸಿನ ಕಿಟಕಿಗಳಲ್ಲಿ ತಲೆಗಳು ಸಾಲಾಗಿ ಹೊರಬಂದಿದ್ದವು. ಹಿಂದಿನ ಬಾಗಿಲಿನಲ್ಲಿ ನೇತಾಡುತ್ತಿದ್ದ ಡೆನಿಸ್ ಸೀಟಿಯನ್ನು ಬಾಯಿಯಿಂದ ತೆಗೆದು, "ಧಣಿಯವರದ್ದೇ ದಿಬ್ಬಣ" ಎಂದ. ಆದರೆ ಮೆಲ್ಲಗೆ ಎಂದ, ಮೂಸಬ್ಬ ಹಿಂದೆ ತಿರುಗಿ ನೋಡಿದ್ದಕ್ಕೆ ಅಷ್ಟಕ್ಕೇ ಸುಮ್ಮನಾದ. ಹಿಂದಿನಿಂದ ಓಡಿಬಂದ ಆಶಾಲತಾ ಆಸ್ಪತ್ರೆಯ ಗೇಟಿನಲ್ಲಿ ಅತ್ತೆಯ ತೋಳು ಹಿಡಿದುಕೊಂಡಳು.

ಮಾವ ಪೆಟ್ಟಿಗೆಯ ಬಳಿ ಬಂದಾಗ ಅವರ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಬೈಯುತ್ತಾರೆಂದು ತಾರಾನಾಥ ಕಾದ. ಬೈದರೆ ಒಳ್ಳೆಯದಿತ್ತು. ಅವರು ತೆರೆದ ಬಾಗಿಲಿನ ಒಳಗೆ ಬಗ್ಗಿ ನೋಡಿದರು, ಮಕ್ಕಳ ತೊಟ್ಟಿಲಿನೊಳಗೆ ನೋಡುವ ಹಾಗೆ.

"ಈ ಕೆಂಪು ಎಂತದ್ದು?"

"ಆಶಾಲತಾ ಇಟ್ಟದ್ದು. ಕ್ಯೂಟೆಕ್ಸ್."

ಇನ್‌ಸ್ಪೆಕ್ಟರ್ ನಕ್ಕರು. ಮಾವ ನಗಲಿಲ್ಲ. "ಮುಳ್ಳು ಮೊದಲು ಅಲ್ಲಿ ಇತ್ತಾ?"

"ಹೌದು."

"ಅಷ್ಟು ಹೊತ್ತು ಅಂತ ಯಾರು ಹೇಳಿದ್ದು?"

ತಾರಾನಾಥ ಸ್ವಿಚ್ಚಿನಿಂದ ಕೈ ತೆಗೆದ. "ಅಮ್ಮನನ್ನು ನಡೆಸಿ ನೋಡಿ ಇಟ್ಟದ್ದು" ಎಂದ. ಹೇಳಿದ ಮೇಲೆ ಅದು ಬಹಳ ಚಿಕ್ಕ ಮಾತಾಗಿ ಕೇಳಿಸಿತು. ಇಷ್ಟು ದಿನ ಇದನ್ನು ಹೇಳಲು ಹೆದರಿದ್ದೇ?

ಮಾವ ಕವರಿನ ಬಿಸಿ ಇನ್ನೂ ಕೈಯಲ್ಲಿ ಉಳಿದಿದೆಯೋ ಎಂಬಂತೆ ಬೆರಳುಗಳನ್ನು ಪಂಚೆಗೆ ಒರೆಸಿಕೊಂಡರು. ಕೊನೆಗೆ, "ಹಾಗಾದ್ರೆ ನನ್ನ ಅಕ್ಕನ ನಡಿಗೆ ಉದ್ದ ಆಯ್ತು ಅಂತ ನಾನೇ ಅರ್ಜಿ ಕೊಟ್ಟ ಹಾಗಾಯ್ತು" ಎಂದರು. ತಾರಾನಾಥ ನೆಲ ನೋಡಿದ. ಅವರು ತಮ್ಮ ದಪ್ಪ ಬೆರಳುಗಳಿಂದ ತಿರುಗಣೆಯನ್ನು ಹಿಡಿದರು. ತಪ್ಪು ತಿರುಗಿಸಿ ಏನಾದರೂ ಸುಟ್ಟುಹೋದೀತೆಂದು ಒಮ್ಮೆ ಅಳಿಯನ ಮುಖ ನೋಡಿದರು, ಅವನು ತಲೆಯಾಡಿಸಿದ. ಮುಳ್ಳು ಮೆಲ್ಲಗೆ ಹಿಂದಕ್ಕೆ ಹೋಗಿ ಚುಕ್ಕೆಯನ್ನು ಮುಟ್ಟಿತು. ಅಲ್ಲಿ ನಿಲ್ಲಿಸಲಿಲ್ಲ. ಚುಕ್ಕೆಯನ್ನು ದಾಟಿಸಿ ಇನ್ನೂ ಸ್ವಲ್ಪ ಆಚೆ ಕೊಂಡುಹೋಗಿ ಕೈ ಬಿಟ್ಟರು.

"ಈಗ ಅವಳ ಕಾಲು ಆವತ್ತಿನ ಕಾಲಲ್ಲ" ಎಂದರು.

"ಶೆಟ್ಟರೇ, ಕಡಿಮೆ ಮಾಡಬೇಕು ಅಂದೋರು ನೀವೇ ಅಲ್ವಾ?" ಇನ್‌ಸ್ಪೆಕ್ಟರ್ ಕೇಳಿದರು.

"ನಾನೇ. ಈಗ ಹೇಳುವುದೂ ನಾನೇ. ಉಳಿದ ಓನರ್‌ಗಳನ್ನು ನಾನು ಕೂತು ಮಾತಾಡಿಸ್ತೇನೆ. ಬಸ್ಸಿನ ಟೈಮಿಂಗ್ ಎಲ್ಲರದ್ದೂ ಸ್ವಲ್ಪ ಸಡಿಲ ಮಾಡುವ. ಅವನಿಗೂ ಅಕ್ಕ ತಂಗಿ ಇರ್ಬಹುದಲ್ಲ" ಎಂದು, ಇನ್ನೂ ಬೆಪ್ಪಾಗಿ ಕೂತಿದ್ದ ಹಿಂದಿನ ಬಸ್ಸಿನ ಡ್ರೈವರನ ಕಡೆಗೆ ಗದ್ದ ಎತ್ತಿ ತೋರಿಸಿದರು. ಹೋಗುವಾಗ ತಾರಾನಾಥನ ಭುಜದ ಮೇಲೆ ಕೈ ಇಟ್ಟರು. ಆ ಕೈಯ ಭಾರ ಯಾವತ್ತಿನದ್ದಲ್ಲ ಎಂದು ಅವನಿಗೆ ಗೊತ್ತಾಯಿತು.  "ಹೇಳ್ಬೇಕು ಮಗ," ಎಂದರು, "ನನಗೂ ಹೇಳ್ಬೇಕು." ಉಪಕಾರಕ್ಕೆ ಪ್ರತಿಯಾಗಿ ತಾನು ಇಷ್ಟು ವರ್ಷ ಅವರಿಗೆ ಕೊಟ್ಟದ್ದು ಬರೀ ತಲೆಯಾಡಿಸುವುದನ್ನು. ಅವರಿಗೆ ಬೇಕಾಗಿದ್ದದ್ದು ಅದಲ್ಲವೇ ಅಲ್ಲ ಎಂದು ಹೊಳೆದಾಗ ಅವನಿಗೆ ಅಳು ಬಂದಂತಾಯಿತು. ಅಳಲಿಲ್ಲ, ಪೆಟ್ಟಿಗೆಯ ಬಾಗಿಲು ಮುಚ್ಚಿ ಬೀಗ ಹಾಕಿದ.

ಮಧ್ಯಾಹ್ನ ಅವನು ಆಸ್ಪತ್ರೆಗೆ ಹೋದಾಗ ಅಮ್ಮ ಬೆಂಚಿನ ಮೇಲೆ, ಮೊಣಕಾಲಿಗೆ ಪಟ್ಟಿ ಸುತ್ತಿಸಿಕೊಂಡು, ಕೂತಿದ್ದಳು. "ನಾನು ಕ್ಲಿನಿಕ್ಕಿನಲ್ಲಿ ರಶೀದಿ ತರ್ಲಿಕ್ಕೆ ಹೋಗಿ ಬರುವಷ್ಟರಲ್ಲಿ ಇವರು ಇಲ್ಲ" ಎಂದು ಆಶಾಲತಾ ದೂರು ಹೇಳಿ, ಔಷಧಿ ತರಲು ಒಳಗೆ ಹೋದಳು.

"ಅಲ್ಲಿ ಕೂತು ಎಂತ ಮಾಡುದು?" ಎಂದಳು ಅಮ್ಮ. "ದೀಪ ನಿನ್ನದೇ ಅಲ್ವಾ ಅಂತ ಹೊರಟೆ."

ಅವನು ಪಕ್ಕದಲ್ಲಿ ಕೂತ. ಎಕ್ಸ್‌ರೇ ಕವರು ಇಬ್ಬರ ನಡುವೆ ಇತ್ತು. ದೀಪ ಇವತ್ತು ನಿನ್ನನ್ನು ನಡು ರಸ್ತೆಯಲ್ಲಿ ಬಿಟ್ಟಿತು, ಹಾಗೆ ಬಿಡುವಂತೆ ಮಾಡಿದವನು ನಾನು, ಎಂದು ಹೇಳಿದ. ಮಾವನ ಎದುರು ಹೇಳಿದಷ್ಟು ಸುಲಭವಾಗಿ ಬರಲಿಲ್ಲ, ತುಂಡು ತುಂಡಾಗಿ ಬಂತು. ಆಮೇಲೆ ಚುಕ್ಕೆಯ ಕತೆ ಹೇಳಿದ. ಆ ಭಾನುವಾರದ ಅವಳ ನಡಿಗೆಯನ್ನೇ ಪೆಟ್ಟಿಗೆಯಲ್ಲಿ ಇಟ್ಟದ್ದೆಂದು, ಊರೆಲ್ಲ ಅಷ್ಟು ಹೊತ್ತು ಕಾಯುತ್ತದೆಂದು.

ಅಮ್ಮ ಸ್ವಲ್ಪ ಹೊತ್ತು ಗೋಡೆಯ ಗಡಿಯಾರ ನೋಡಿದಳು. ಅವಳ ಬಾಯಿಯ ಅಂಚು ಅಲುಗಿತು. "ಅಯ್ಯೋ ದೇವರೇ," ಎಂದಳು, "ಆವತ್ತು ನನ್ನ ಕಾಲಿಗೆ ಎಂತದ್ದೂ ಆಗಿರ್ಲಿಲ್ಲ ಮಗ. ಆ ಬೀಡಿಯವರು ಕುಶಾಲು ಮಾಡಿದ್ರಲ್ಲ, ಅದಕ್ಕೆ ನಿಧಾನ ಮಾಡಿದೆ. ಮತ್ತೆ ನೀನು ನನ್ನನ್ನು ಬಿಟ್ಟು ಮುಂದೆ ಹೋದಿಯಲ್ಲ, ಅದು ನೋಡಿ ಇನ್ನೂ ನಿಧಾನ ಮಾಡಿದೆ. ಅದನ್ನು ನೀನು ಪೆಟ್ಟಿಗೆಯೊಳಗೆ ಇಡ್ತಿ ಅಂತ ನನಗೆಂತ ಗೊತ್ತು?"

ಹಾಗಾದರೆ ಚುಕ್ಕೆಯ ಲೆಕ್ಕ ತಪ್ಪು. ಅದು ಮೊಣಕಾಲಿನ ಅಳತೆಯಲ್ಲ, ಮುನಿಸಿನ ಅಳತೆ. ಇಷ್ಟು ಕಾಲ ಮೀನಿನ ಲಾರಿ, ಆಟೋ, ಬಸ್ಸು ಎಲ್ಲ ಕಾದದ್ದು ಒಬ್ಬ ಹೆಂಗಸಿನ ಹಟಕ್ಕೆ. ಆ ಹಟದ ಮರೆಯಲ್ಲಿ ಹೊಲಿಗೆ ಹಾಕಿದ ಹೊಟ್ಟೆಯವರು, ಫ್ಲಾಸ್ಕಿನ ಮುದುಕಿಯರು ದಾಟಿ ಹೋದರು, ಕೊನೆಗೆ ಕಾಲು ಸೋತ ಅವಳ ನಡಿಗೆಯೂ ಆ ತಪ್ಪು ಅಳತೆಯ ಹತ್ತಿರಕ್ಕೇ ಬಂದು ಮುಟ್ಟಿತು. ತಾರಾನಾಥನಿಗೆ ನಗು ಬಂತು. ತಡೆಯಲು ಹೋದರೆ ಹೆಚ್ಚಾಯಿತು. ಅಮ್ಮನೂ ನಕ್ಕಳು, ಸೆರಗು ಬಾಯಿಗೆ ಒತ್ತಿಕೊಂಡು, ಆಸ್ಪತ್ರೆಯಲ್ಲಿ ನಗಬಾರದೆಂದು. "ನಾನು ಆವತ್ತು ಮುಂದೆ ಹೋಗಬಾರದಿತ್ತು" ಎಂದ ಅವನು, ನಗುವಿನ ನಡುವೆಯೇ, ಇಲ್ಲದಿದ್ದರೆ ಹೇಳಲಿಕ್ಕಾಗುತ್ತಿರಲಿಲ್ಲ. "ಆಯ್ತು, ಕೈ ಕೊಡು, ಏಳ್ತೇನೆ" ಎಂದಳು.

ಬಿಕರ್ನಕಟ್ಟೆಯ ಬಸ್ಸು ಸಿಗುವುದು ಎದುರು ಬದಿಯಲ್ಲಿ. ಗುಂಡಿಯನ್ನು ಅವನು ಒತ್ತಿದ. ಟಕ್ ಎಂಬ ಸದ್ದಿಗಾಗಿ ಕಾದ. ಬಸ್ಸುಗಳು ಒಂದೊಂದಾಗಿ ಬಂದು ನಿಂತವು. ಈ ಬಾರಿ ಮಾವನದ್ದು ಯಾವುದೂ ಇರಲಿಲ್ಲ, ಯಾವ ಡ್ರೈವರನ ಮುಖವೂ ಪರಿಚಯದ್ದಲ್ಲ. ಆಶಾಲತಾ ಒಂದು ಬದಿ, ಅವನು ಒಂದು ಬದಿ. ಒಂದು ಕಾಲು, ಅದರ ಹತ್ತಿರಕ್ಕೆ ಇನ್ನೊಂದು, ಮತ್ತೆ ಅದೇ ಕಾಲು. ಅಷ್ಟು ನಿಧಾನವಾಗಿ ನಡೆದರೆ ಡಾಂಬರಿನಲ್ಲಿ ಹುದುಗಿದ ಜಲ್ಲಿಯ ಬಣ್ಣವೂ ಕಾಣುತ್ತದೆ ಎಂದು ಅವನಿಗೆ ಗೊತ್ತಿರಲಿಲ್ಲ. ರಬ್ಬರಿನ ನಳಿಗೆಯನ್ನು ಅಮ್ಮ ಮಲಗಿದ ಹಾವನ್ನು ದಾಟುವಂತೆ ಸೀರೆಯ ನೆರಿಗೆ ಎತ್ತಿ ದಾಟಿದಳು. ಆಚೆ ಬದಿ ಮುಟ್ಟಿದರು. ದೀಪ ಇನ್ನೂ ಕೆಂಪಾಗಿಯೇ ಇತ್ತು. ಮಾವ ಕೈಯಾರೆ ಹೆಚ್ಚಿಗೆ ಕೊಟ್ಟ ಹೊತ್ತು ಅದು. ರಸ್ತೆಯಲ್ಲಿ ಯಾರೂ ಇರಲಿಲ್ಲ, ಆದರೂ ಬಸ್ಸುಗಳು ನಿಂತೇ ಇದ್ದವು.

ತಾರಾನಾಥ ಬಸ್ ಸ್ಟಾಪಿನ ಕಡೆಗೆ ತಿರುಗಿದ. ಅಮ್ಮ ಬರಲಿಲ್ಲ. ಅವಳು ರಸ್ತೆಗೆ ಮುಖ ಮಾಡಿ ನಿಂತಿದ್ದಳು.

"ಬಾ ಅಮ್ಮ, ಬಿಸಿಲು."

"ಇರು ಮಾರಾಯ. ಅವರು ಹೋಗ್ಲಿ ಮೊದಲು. ಕಾದವರನ್ನು ಹಾಗೇ ಬಿಟ್ಟು ಹೋಗ್ಲಿಕ್ಕಾಗ್ತದಾ?"

ಅವನು ಹಿಂದೆ ಬಂದು ಅವಳ ಪಕ್ಕದಲ್ಲಿ ನಿಂತ. ದೀಪ ಹಸಿರಾಯಿತು. ಮನೆಗೆ ಬಂದವರನ್ನು ಅಂಗಳದ ತುದಿಯವರೆಗೆ ಬಂದು ಕಳಿಸಿಕೊಡುವಾಗ ಮಾಡುತ್ತಿದ್ದ ಹಾಗೆ ಅಮ್ಮ ಮೊದಲ ಬಸ್ಸಿಗೆ ತಲೆ ಬಾಗಿಸಿದಳು, ಎರಡನೆಯದಕ್ಕೂ, ಹಿಂದಿನ ಆಟೋಗಳಿಗೂ, ಮಂಜುಗಡ್ಡೆಯ ನೀರು ಸುರಿಸಿಕೊಂಡು ಹೊರಟ ಮೀನಿನ ಲಾರಿಗೂ. ಡ್ರೈವರುಗಳು ಯಾರೋ ಗುರುತಿನವರಿರಬೇಕೆಂದು ಅವಳನ್ನು ತಿರುಗಿ ನೋಡುತ್ತ ಹೋದರು. ಜನ ನೋಡುತ್ತಿದ್ದರು. ತಾರಾನಾಥ ಬಗಲಿನ ಕವರನ್ನು ಆಶಾಲತಾಳ ಕೈಗೆ ಕೊಟ್ಟು, ಲಾರಿಯ ಹಿಂದೆ ಕೊನೆಯದಾಗಿ ಬಂದ ಸೈಕಲ್ಲಿನವನಿಗೆ ಎರಡೂ ಕೈ ಜೋಡಿಸಿದ.